ಎರಡು ಸುತ್ತು

ಈ ನೂರರ ನೋಟು ಖರ್ಚಿಗಲ್ಲ.
ಬಾಗಿಲಂಚಿನ ರಬ್ಬರಿನ ಸಂದಿಗೆ ಇಟ್ಟು
ಫ್ರಿಜ್ಜು ಮುಚ್ಚಿ, ಮೆಲ್ಲಗೆ ಎಳೀತೀನಿ.
ಹಿಡಿದುಕೊಂಡರೆ ರಬ್ಬರು ಗಟ್ಟಿ.
ಜಾರಿ ಬಂದರೆ
ಮನೆಯವರ ಕರೆಂಟು ಬಿಲ್ಲು ಅಲ್ಲೇ ಸೋರ್ತಿದೆ ಅಂತ ಲೆಕ್ಕ.

ಬುಡನ್ ಸಾಬರು ಕಲಿಸಿದ ವಿದ್ಯೆ.
ನೆಹರೂ ರೋಡಿನ ಹಿಂದೆ ಅವರ ಅಂಗಡಿ, ಆರಡಿ ಅಗಲ.
‘ಮೊದಲು ಕಿವಿ, ಆಮೇಲೆ ಅಂಗೈ,
ಸ್ಕ್ರೂಡ್ರೈವರ್ ಕೊನೆಗೆ’ ಅನ್ನೋರು.
ಕಂಪ್ರೆಸರು ಟಿಕ್ ಅಂದು ಸುಮ್ಮನಾಗಿ
ಎರಡು ನಿಮಿಷ ಬಿಟ್ಟು ಮತ್ತೆ ಟಿಕ್ ಅಂದರೆ
ರಿಲೇ ಬಿಚ್ಚು, ಎಷ್ಟೋ ಸಲ ಅಲ್ಲೊಂದು ಹಲ್ಲಿ
ಸುಟ್ಟುಕೊಂಡು ಮಲಗಿರತ್ತೆ.
ತರಕಾರಿ ಡಬ್ಬಿಯಡಿ ನೀರು ನಿಂತರೆ
ಹಿಂದಿನ ತೂತು ಕಟ್ಟಿದೆ:
ನಾನು ತಂತಿ ಹಾಕಿ ತೆಗೆದದ್ದು ಕೊತ್ತಂಬರಿ ಕಡ್ಡಿ,
ಪೂಜೆಯ ಸೇವಂತಿಗೆ ಎಸಳು,
ಒಮ್ಮೆ, ದೇವರಾಣೆ, ಯಾವುದೋ ಮಗುವಿನ ಹಾಲುಹಲ್ಲು.
ಫ್ರೀಜರಿನಲ್ಲಿ ಮಂಜು ಗುಡ್ಡೆಯಾದರೆ
ಚಾಕು ಹಾಕಬೇಡಿ ತಾಯಿ,
ಸ್ವಿಚ್ಚು ತೆಗೆದು ಒಂದು ರಾತ್ರಿ ಸುಮ್ಮನಿರಿ.
ಚಾಕು ಹಾಕಿದವರು ನನಗೆ ಫೋನು ಮಾಡ್ತಾರೆ.
ಸುಮ್ಮನಿದ್ದವರ ಮನೆ ನನಗೆ ಗೊತ್ತೇ ಇಲ್ಲ.

‘ಗ್ಯಾಸ್ ಖಾಲಿ’ ಅನ್ನೋದು ನಮ್ಮ ಕಸುಬಿನ ದೊಡ್ಡ ಸುಳ್ಳು.
ಇಪ್ಪತ್ತಾರು ವರ್ಷದಲ್ಲಿ ಅದೊಂದನ್ನು ನಾನು ಹೇಳಿಲ್ಲ.

ಗಾಡಿಕೊಪ್ಪದ ಆ ಮನೆಯಿಂದ ಒಂದೇ ತಿಂಗಳಲ್ಲಿ ಮೂರು ಸಲ ಕರೆ.
‘ತಂಪೇ ಆಗಲ್ಲ, ಹಾಲು ಒಡೀತಿದೆ.’
ಹಿಂದಿನ ಜಾಲರಿಯ ಧೂಳು ಬ್ರಷ್ಷಲ್ಲಿ ಕೆರೆದೆ,
ವೋಲ್ಟೇಜು ಇನ್ನೂರ ಇಪ್ಪತ್ತೆಂಟು, ಥರ್ಮೋಸ್ಟ್ಯಾಟು ಸರಿ,
ಆಗ ಇಟ್ಟುಕೊಂಡಿದ್ದ ಹತ್ತರ ನೋಟನ್ನು ಬಾಗಿಲು ಕಚ್ಚಿ ಹಿಡಿಯಿತು.
ಒಳಗೆ ನಡುವಿನ ತಟ್ಟೆಯ ಅಂಚಿಗೆ ಕೆಂಪು ಟೇಪು.
ಮೇಲೆ ವಾರಿಜಮ್ಮನ ದೋಸೆಹಿಟ್ಟು, ಮೊಸರು.
ಕೆಳಗೆ ಅವರ ವಾರಗಿತ್ತಿ ಸುಗಂಧಿಯ
ಬಂಗುಡೆ ಸಾರು, ಮೂರು ಕವರು ಸುತ್ತಿ ಗಂಟು ಹಾಕಿದ್ದು.
(ಹೆಸರು ಇಟ್ಟವರನ್ನು ನಾನೇನೂ ಅಂದಿಲ್ಲ.)
ಚಹಾ ಎರಡು ಲೋಟ ಬಂತು, ಬೇರೆ ಬೇರೆ ಕೈಯಿಂದ.
ಎರಡನ್ನೂ ಕುಡಿಯುತ್ತ ಹೊಸಿಲ ಮೇಲೆ ಕೂತೆ.

ಸುಗಂಧಿ ಬಂದು ನಿಂಬೆಹಣ್ಣು ತೆಗೆದುಕೊಂಡು ಹೋದಳು.
ಬಾಗಿಲು ನಾಲ್ಕು ಬೆರಳು ತೆರೆದೇ ಇತ್ತು.
ವಾರಿಜಮ್ಮ ಮೊಸರು ತೆಗೆದರು. ಹಾಕಲಿಲ್ಲ.
ತೆರೆದದ್ದು ತಾವಲ್ಲವಲ್ಲ.
ಒಳಗಿನ ದೀಪ ನೆಲದ ಮೇಲೆ ಒಂದು ಗೆರೆ ಎಳೆಯಿತು,
ಕಂಪ್ರೆಸರು ಏದುಸಿರು ಬಿಡುತ್ತಲೇ ಇತ್ತು.

ಇದಕ್ಕೆ ಯಾವ ಸ್ಪೇರ್ ಪಾರ್ಟು ತರಲಿ?
ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ
ಮುಂದಿನ ಎರಡು ಕಾಲಿನ ಸ್ಕ್ರೂ
ಎರಡೆರಡು ಸುತ್ತು ತಿರುಗಿಸಿದೆ.
ಮೂತಿ ಮೂರು ನೂಲು ಮೇಲೆದ್ದಿತು.
ಈಗ ಕೈ ಬಿಟ್ಟರೆ ಸಾಕು, ಬಾಗಿಲು
ತನ್ನ ಪಾಡಿಗೆ ತಾನು ಹೋಗಿ ಅಂಟಿಕೊಳ್ಳತ್ತೆ.
ಯಾರೂ ಹಾಕಬೇಕಾಗಿಲ್ಲ.

‘ಏನಾಗಿತ್ತು?’
‘ನೆಲ ವಾಲಿತ್ತು’ ಅಂದೆ.
ನೀರು ಚೆಲ್ಲಿದರೆ ಹರಿಯದೆ ನಿಲ್ಲುವಷ್ಟು
ಮಟ್ಟವಾದ ನೆಲ ಅದು.

ಹಜಾರದಲ್ಲಿ ವಾರಿಜಮ್ಮ ನೂರು ಕೊಟ್ಟರು.
ಗೇಟಿನ ಹತ್ತಿರ ಸುಗಂಧಿ ಓಡಿ ಬಂದು, ಒದ್ದೆ ಕೈ,
ನಾಲ್ಕು ಮಡಿಕೆಯ ನೂರು:
‘ಅಕ್ಕ ಕೊಟ್ಟಿರಲಿಕ್ಕಿಲ್ಲ, ತಗೊಳ್ಳಿ.’
ತಗೊಂಡೆ.

ಆಲ್ಕೊಳ ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿ
ವಾಪಸ್ ಕೊಡೋಣ ಅಂದುಕೊಂಡೆ.
ಯಾರ ಕೈಗೆ? ಏನಂತ ಹೇಳಿ?
ಹಿಂದೆ ಬಸ್ಸಿನವನು ಹಾರ್ನು ಹೊಡೆದ.

ಮೂರು ದಿನ ಮೀನಿನ ವಾಸನೆ ಇತ್ತು ನೋಟಿಗೆ.
ಈಗ ಮಡಿಕೆಯಲ್ಲಿ ಸವೆದಿದೆ, ಅಂಗಡಿಯವರು ತಗೊಳ್ಳಲ್ಲ,
ಬಾಗಿಲುಗಳು ತಗೊಳ್ತವೆ.
ಇವತ್ತು ಬೆಳಿಗ್ಗೆ ವಿನೋಬನಗರದಲ್ಲಿ
ಒಂದು ಸಂದಿಯಿಂದ ಸಲೀಸಾಗಿ ಜಾರಿ ಬಂತು.
ರಬ್ಬರು ಹೋಗಿದೆ, ಬದಲಿಸಬೇಕು ಅಂದೆ.
ಅದು ನಿಜ.