ನಮ್ಮವರಲ್ಲದವರ ಪಟ್ಟಿ

ಬೈತಕೋಲಿನ ದಕ್ಕೆಯ ಹಿಂದೆ, ಐಸ್ ಕಾರ್ಖಾನೆಯ ಗೋಡೆಗೆ ಒರಗಿ
ಶೇವಂತಿ ಅತ್ತೆ ಒಣ ಶೆಟ್ಲಿ ಆರಿಸುತ್ತಾಳೆ.
ಮೊರಕ್ಕೆ ಒಂದು ಹಿಡಿ, ಒಂದು ಕೊಡವು.
ಚಿಪ್ಪು ಒಂದು ಕಡೆ, ಉಗುರಿನಷ್ಟು ಏಡಿಮರಿ ಒಂದು ಕಡೆ,
ನೈಲಾನಿನ ನೂಲು ಕಂಡರೆ ಅದಕ್ಕೊಂದು ಬೈಗುಳ.
ನಾನು ಅವಳೆದುರಿಗೆ ಮೀನಿನ ಕ್ರೇಟು ಬೋರಲು ಹಾಕಿ
ಲ್ಯಾಪ್‌ಟಾಪ್ ಇಟ್ಟು ಕೂತಿದ್ದೇನೆ.
ನನ್ನದೂ ಆರಿಸುವ ಕೆಲಸವೇ.

ದೀಪಾವಳಿಯವರೆಗೆ
'ಕಾರವಾರ ಒಣಮೀನು' ಎಂದು ಯಾರು ಹುಡುಕಿದರೂ
ಮೊದಲು ಸಿಗುತ್ತಿದ್ದುದು ಅತ್ತೆಯ ಅಂಗಡಿ.
ಈಗ ಐದನೆಯ ಪುಟ.
ಐದನೆಯ ಪುಟಕ್ಕೆ ಯಾರು ಬರುತ್ತಾರೆ,
ದಾರಿ ತಪ್ಪಿದವರನ್ನು ಬಿಟ್ಟು?

ತೆಗೆದು ನೋಡಿದರೆ
ಸಾವಿರದ ನೂರಾ ನಲವತ್ತು ಕಡೆಯಿಂದ ನಮ್ಮತ್ತ ಬೆರಳು.
ಜೂಜಿನ ತಾಣಗಳು. ಗಂಡಸುತನದ ಗುಳಿಗೆ ಮಾರುವವರು.
ನನಗೆ ಓದಲು ಬಾರದ ಲಿಪಿಯಲ್ಲಿ ಸಾಲ ಕೊಡುವವರು.
ಎಲ್ಲರ ಪುಟದ ತಳದಲ್ಲೂ, ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ
ಶೇವಂತಿ ತಾಂಡೇಲ, ಒಣ ಬಂಗಡೆ, ಒಣ ಶೆಟ್ಲಿ.

"ಅವರಿಗೆ ನನ್ನ ಹೆಸರು ಹೇಗೆ ಗೊತ್ತು?"
ಅತ್ತೆ ಕೇಳಿದಳು, ಕೈ ನಿಲ್ಲಿಸದೆ.

ನಾನು ಹೇಳಲಿಲ್ಲ.
ಮಳೆಗಾಲದಲ್ಲಿ, ಬೋಟು ದಡದಲ್ಲಿದ್ದಾಗ, ವ್ಯಾಪಾರ ಇಲ್ಲದಾಗ
ಫೋನಿನಲ್ಲಿ ಬೆಣ್ಣೆಯಂಥ ದನಿಯೊಂದು ಬಂದಿತ್ತು:
ಎರಡೂವರೆ ಸಾವಿರಕ್ಕೆ ಮುನ್ನೂರು ಕೊಂಡಿ, ಮೇಡಂ.
ಕಳಿಸಿದ್ದೆ. ಅತ್ತೆಯದೇ ದುಡ್ಡು.
ಮುನ್ನೂರು ನಾನು ಕೊಂಡದ್ದು.
ಉಳಿದವು ವಾಸನೆ ಹಿಡಿದು ತಾವಾಗಿ ಬಂದ ನೊಣ.

ಕೆಲವರಿಗೆ ಪತ್ರ ಬರೆದೆ: ದಯವಿಟ್ಟು ನಮ್ಮ ಹೆಸರು ತೆಗೆಯಿರಿ.
ಒಬ್ಬ ತೆಗೆದ.
ಒಬ್ಬ ತೆಗೆಯಲು ದರ ಹೇಳಿದ.
ಮಿಕ್ಕವರ ವಿಳಾಸಕ್ಕೆ ಹೋದದ್ದು ಹಾಗೇ ವಾಪಸು ಬಂತು.

ಇನ್ನು ಉಳಿದದ್ದು ಪಟ್ಟಿ.
ಸಾದಾ ಕಡತ, ಸಾಲಿಗೊಂದು ಹೆಸರು.
ಇವರು ನಮ್ಮವರಲ್ಲ, ಇವರ ಮಾತನ್ನು ನಮ್ಮ ಲೆಕ್ಕಕ್ಕೆ ಹಿಡಿಯಬೇಡಿ
ಎಂದು ಹುಡುಕುವ ಯಂತ್ರಕ್ಕೊಂದು ಅರ್ಜಿ.

"ಕೊಟ್ಟರೆ ಅವರು ಅಳಿಸ್ತಾರಾ?"
ಇಲ್ಲ ಅತ್ತೆ. ಅವರು ಅಲ್ಲೇ ಇರುತ್ತಾರೆ.
"ಹಾಂ" ಎಂದಳು, "ಪೇಪರಿನಲ್ಲಿ ಹಾಕಿಸಿದ ಹಾಗೆ."

ಮೈದುನ ವಾಮನ ಅವಳ ಹೆಸರು ಹೇಳಿ
ಅಂಕೋಲೆಯವರೆಗೂ ಸಾಲ ಎತ್ತಿದ ವರ್ಷ
ಅತ್ತೆ ಎರಡು ಬುಟ್ಟಿ ತಾರ್ಲೆ ಮಾರಿ ಪ್ರಕಟಣೆ ಕೊಟ್ಟಿದ್ದಳು:
ಸದರಿಯವರ ವ್ಯವಹಾರಕ್ಕೂ ನನಗೂ ಸಂಬಂಧವಿಲ್ಲ.
ಆಮೇಲೂ ಅವನು ಅದೇ ಓಣಿಯಲ್ಲಿದ್ದ.
ಆಮೇಲೂ ಇವಳು ಅವನ ಮಕ್ಕಳಿಗೆ ಊಟ ಹಾಕಿದಳು.
ಸಾಲದವರು ಮಾತ್ರ ಬಾಗಿಲು ಬದಲಿಸಿದರು, ಅದೂ ತಿಂಗಳ ಮೇಲೆ.

ಸಂಜೆ, ಕಣ್ಣು ಮಂಜಾದ ಹೊತ್ತಿಗೆ, ಒಂಬೈನೂರರ ಆಚೆ,
ಕೈ ಓಟದಲ್ಲಿ ಒಂದು ಒಳ್ಳೆಯ ಹೆಸರೂ ಪಟ್ಟಿಗೆ ಬಿತ್ತು.
ಧಾರವಾಡದ ಹಂಚಿನಮನಿ ಟೀಚರು.
ಹಳೆಯ ಪುಟ, ವಕ್ರ ಅಕ್ಷರ, ಅರ್ಧ ಚಿತ್ರ ತೆರೆಯುವುದಿಲ್ಲ.
ನೋಡಿದರೆ ಕಸವೇ.
ಓದಿದರೆ: ಒಣ ಶೆಟ್ಲಿ ಚಟ್ನಿ. ಹುಣಸೆ ಕಡಿಮೆ ಇರಲಿ.
ಶೆಟ್ಲಿ ಮಾತ್ರ ಬೈತಕೋಲಿನ ಶೇವಂತಿಬಾಯಿಯವರದೇ ಆಗಬೇಕು.
ದುಡ್ಡು ಕೇಳದೆ ಬರೆದ ಒಂದು ಸಾಲು.

ಅವರನ್ನು ಪಟ್ಟಿಯಿಂದ ತೆಗೆದೆ.
ಮತ್ತೆ ಒಂದರಿಂದ ಓದಿದೆ, ಮೊರದ ವೇಗದಲ್ಲಿ.
ನಾನು ಕೊಂಡ ಮುನ್ನೂರು ಬಂದಾಗ
ಒಂದೊಂದನ್ನೂ ಗಟ್ಟಿಯಾಗಿ ಹೇಳಿ ಸೇರಿಸಿದೆ.
ಅತ್ತೆ ಕೇಳಿಸಿಕೊಂಡಳು. "ಎಷ್ಟಕ್ಕೆ?" ಎಂದಳು.
ಹೇಳಿದೆ.
ಮೊರವನ್ನೊಮ್ಮೆ ಜೋರಾಗಿ ಕೊಡವಿದಳು, ಅಷ್ಟೇ.

ಪಟ್ಟಿ ಕಳಿಸಿ ಹದಿನೇಳು ದಿನ. ಇನ್ನೂ ಐದನೆಯ ಪುಟ.
ಬೆಳಿಗ್ಗೆ ಧಾರವಾಡದ ಬಸ್ಸಿಗೆ ಎರಡು ಕಿಲೋ ಪೊಟ್ಟಣ ಕಟ್ಟುತ್ತಾ
ಅತ್ತೆ ಮತ್ತೆ ಕೇಳುತ್ತಾಳೆ:
"ಟೀಚರನ್ನ ಬಿಟ್ಟಿದ್ದೀಯಲ್ಲ?"
ಬಿಟ್ಟಿದ್ದೇನೆ ಅತ್ತೆ.
ನಮ್ಮಲ್ಲೇ ಬಿಟ್ಟಿದ್ದೇನೆ.