ಲೀಟರಿನಲ್ಲಿ ಮಣ್ಣು

ಹಾಲಿನ ಹಾಗೆ ಲೀಟರಿನಲ್ಲಿ ಅಳೆದು
ಮಾರುತ್ತಾರೆ ನಮ್ಮಲ್ಲಿ ಗೊಬ್ಬರದ ಮಣ್ಣು.
ಐವತ್ತು ಲೀಟರಿಗೆ ಒಂದು ಚೀಲ,
ಮೂರು ಕೊಂಡರೆ ಹದಿನೈದು ಪೌಂಡು.
ಚೀಲದ ಮೇಲೊಂದು ಟೊಮ್ಯಾಟೊ,
ಹ್ಯಾಲಿಫ್ಯಾಕ್ಸಿನ ಬಿಸಿಲಿಗೆ
ಯಾರ ಹಿತ್ತಿಲಲ್ಲೂ ಅಷ್ಟು ಕೆಂಪಾಗದ್ದು.

ನಾನು ಥೆಲ್ಮಾ ಸಗ್ಡೆನ್. ಮೂವತ್ತೊಂದು ವರ್ಷ
ಕಾರ್ಪೆಟ್ ಗಿರಣಿಯಲ್ಲಿ ನೂಲು ಮುಟ್ಟಿ
ಇದು ಉಣ್ಣೆ, ಇದು ಬೆರಕೆ ಎಂದವಳು.
ಕಣ್ಣಿಗೆ ಮಣ್ಣೆರಚಬಹುದು,
ಬೆರಳಿಗೆ ಆಗದು.

ಹೋದ ವರ್ಷದ ಚೀಲ ಬಿಚ್ಚಿ ಜರಡಿ ಹಿಡಿದರೆ
ಮೇಲುಳಿದದ್ದೇ ಹೆಚ್ಚು: ಸೌದೆ ಚಕ್ಕೆ,
ಹಸಿರು ಪ್ಲಾಸ್ಟಿಕ್ಕು, ಗಾಜಿನ ಚೂರು,
ಆಟದ ಸೈನಿಕನ ಒಂದು ಕಾಲು, ಬೂಟು ಸಮೇತ.
ಮೇಲೆ ಥಳಕು, ಒಳಗೆ ಹುಳುಕು ಅನ್ನೋಣವೆಂದರೆ
ಹುಳುವೂ ಇರಲಿಲ್ಲ, ಒಂದೇ ಒಂದು.

ಪಕ್ಕದ ಪಾತಿಯ ಅಂಬ್ರೋಸನಿಗೆ
ಇನ್ನೂ ಹಳೆಯ ಪೀಟ್ ಮಣ್ಣಿನದೇ ಜಪ.
'ಕಪ್ಪಗೆ, ಕೇಕಿನ ಪುಡಿಯ ಹಾಗೆ,
ಬೀಜ ಎಸೆದರೂ ಸಾಕಿತ್ತು ಥೆಲ್ಮಾ.'
ಸಾಕಿತ್ತು, ನಿಜ. ನಾನೂ ಕೊಂಡಿದ್ದೆ.
ವರ್ಷಕ್ಕೆ ಉಗುರಂಚಿನಷ್ಟು ಬೆಳೆವ ಜೌಗನ್ನು
ನನ್ನ ಪೆಟೂನಿಯಾ ಒಂದು ಬೇಸಿಗೆ ನಗಲೆಂದು
ಅಗೆದು ತರಬೇಕೇನು, ಎಂದೆ.
ಅವನು ಕೆಟಲ್ ಇಟ್ಟ.
ಆ ದಿನ ಮತ್ತೆ ಮಾತಿಲ್ಲ.

ಈ ಫೆಬ್ರವರಿ ನಾಲ್ಕು ಅಂಗಡಿಯ ನಾಲ್ಕು ಚೀಲ ತಂದು
ಅಡುಗೆಮನೆಯ ಕಿಟಕಿಯಲ್ಲಿ
ಮೊಸರಿನ ಡಬ್ಬಿಗಳಿಗೆ ತುಂಬಿ ಬೀನ್ಸ್ ಊರಿದೆ.
ಎಲ್ಲಕ್ಕಿಂತ ದುಬಾರಿಯದರಲ್ಲಿ
ಎಲೆ ಮುದುರಿತು, ಬೇಡುವವರ ಬೊಗಸೆಯಂತೆ.
ಯಾವ ಹೊಲದಲ್ಲೋ ಕಳೆಗೆಂದು ಹೊಡೆದ ಔಷಧಿ
ಹುಲ್ಲು ಹೊಕ್ಕು, ಕುದುರೆಯ ಹೊಟ್ಟೆ ಹಾದು,
ಲದ್ದಿಯಲ್ಲೂ ಸಾಯದೆ
ನನ್ನ ಕಿಟಕಿಯವರೆಗೆ ನಡೆದು ಬಂದಿತ್ತು.
ಎರಡನೆಯದರಲ್ಲಿ ಅಣಬೆ.
ಮೂರನೆಯದರಿಂದೆದ್ದ ಗುಂಗುರು ಚಹಾದಲ್ಲಿ ಈಜಿತು.
ನಾಲ್ಕನೆಯದು ರೈಲು ಸೇತುವೆ ಕೆಳಗಿನ
ಹಾರ್ಡ್‌ವೇರ್ ಅಂಗಡಿಯದು, ಚಿತ್ರವಿಲ್ಲದ ಬಿಳಿ ಚೀಲ.
ಅದರ ಬೀನ್ಸ್ ಮಾತ್ರ ನೆಟ್ಟಗೆ ಎದ್ದಿತ್ತು,
ತರಗತಿಯಲ್ಲಿ ಹೆಸರು ಕೂಗಿದೊಡನೆ
ನಿಂತ ಹುಡುಗಿಯ ಹಾಗೆ.

ಓಡಿದೆ, ಇನ್ನೂ ಆರು ಕೊಡು ಎಂದು.
ಅದೇ ಚೀಲ, ಅದೇ ಅಕ್ಷರ.
'ಹೊಸ ಲಾರಿಯದು,' ಎಂದ ಅಂಗಡಿಯ ಹುಡುಗ ಕ್ಯಾಲಮ್.
ಹರಿದದ್ದೊಂದಿದ್ದರೆ ತೋರಿಸು ಅಂದೆ,
ತೋಳು ಇಳಿಸಿ ಹಿಂಡಿದೆ.
ಒಳ್ಳೆಯದಾದರೆ ಮುಷ್ಟಿಯಲ್ಲಿ ಉಂಡೆಯಾಗಿ ನಿಂತು
ಹೆಬ್ಬೆರಳು ಸೋಕಿದರೆ ಉದುರಬೇಕು.
ಇದು ಉದುರಲಿಲ್ಲ, ಸೋರಿತು,
ತೋಳಿನುದ್ದಕ್ಕೂ ಕಂದು ನೀರು, ಮೊಟ್ಟೆ ಕೆಟ್ಟ ನಾತ.
ಹೆಸರೊಂದೇ, ಹಡೆದವರು ಬೇರೆ.

ಹುಡುಗನಿಗೆ ಪಾಪವೆನಿಸಿತೋ, ಪೀಡೆ ತೊಲಗಲಿ ಅಂತಲೋ
ಹಿತ್ತಲ ಬಾಗಿಲು ತೆರೆದ.
ಗೋಡೆ ಬದಿಯಲ್ಲಿ, ಹೋದ ವರ್ಷ ಮಾರಾಟವಾಗದೆ
ಮಳೆ ಮಂಜು ತಿಂದು ಅಕ್ಷರ ಅಳಿಸಿಹೋದ ಎರಡು ಚೀಲ.
'ಎರಡು ಪೌಂಡು ಕೊಡಿ. ಕಳೆ ಹುಟ್ಟಿದೆ, ಬೈಬೇಡಿ.'
ಬಾಗಿ ನೋಡಿದೆ. ತೂತಿನಿಂದ ತಲೆ ಹಾಕಿತ್ತು
ಒಂದು ದಂಡೇಲಿಯನ್.
ಎಲೆ ಸಲೀಸು. ಒಂದೂ ಮುದುರಿರಲಿಲ್ಲ.

ಬೈಯುವುದೆ! ಕಿತ್ತೆಸೆಯಲೂ ಬಿಡಲಿಲ್ಲ ಅವನನ್ನು.
ಬಸ್ಸಿನಲ್ಲಿ ಒಂದು ಕಾಲ ಬಳಿ, ಒಂದು ಮಡಿಲಲ್ಲಿ;
ಚಾಲಕಿ ಕನ್ನಡಿಯಲ್ಲಿ ನೋಡಿದಳು,
ಟಿಕೆಟ್ ಕೇಳಲಿಲ್ಲ.

ಅಂಬ್ರೋಸ್ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದ,
ಕಣ್ಣು ಮುಚ್ಚಿದ.
'ಪೀಟ್ ತಾನೇ? ಎಲ್ಲಿ ಕದ್ದೆ?'
ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಅರ್ಧ ಚೀಲ ಕೊಟ್ಟೆ ಅವನಿಗೆ.
ಅರ್ಧವಲ್ಲ, ಕಾಲು.