ಕಡೀ ಬ್ಯಾಟರಿ

ಮುಂದ ಖಾಸಗೀವಾಲೆ ಮೇಡಂ, ಕೊರಳಾಗ ಮೈಕು.
ಹಿಂದ ನಾನು, ಕೈಯಾಗ ಬ್ಯಾಟರಿ.
ನಡುವ ಹತ್ತೊಂಬತ್ತು ಹಳದಿ ಹೆಲ್ಮೆಟ್ಟು.
ಇಳಿಯೋವಾಗ ಎಣಸ್ತೀನಿ, ಏರೋವಾಗ ಎಣಸ್ತೀನಿ,
ಇಷ್ಟೇ ನನ್ನ ನೌಕರಿ.

ಪುಣೆದ ಹೊಟ್ಟ್ಯಾಗ ಇದು ಪೇಶವೆ ಕಾಲದ ನೀರಿನ ಹಾದಿ.
ಕಾತ್ರಜದ ಕೆರಿಯಿಂದ ಪೇಟೆ ಪೇಟೆಗೆ
ಕಲ್ಲಿನ ಕೊಳವಿ, ಗಚ್ಚಿನ ಗ್ವಾಡಿ,
ಅಲ್ಲಲ್ಲಿ ಆಕಾಶಕ್ಕ ಒಂದು ತೂತು.
ಆ ತೂತಿಗೆ ಮೇಡಂ ‘ಉಚ್ಛ್ವಾಸ’ ಅಂತಾರ,
ನೆಲಾನೂ ಉಸುರು ಬಿಡ್ತದ, ನೋಡ್ರಿ, ಅಂತಾರ.
ದಿನಾ ಅದೇ ಮಾತು, ಅದೇ ಜಾಗಾದಾಗ ಚಪ್ಪಾಳಿ.
ಮ್ಯಾಲ ಲಕ್ಷ್ಮೀ ರೋಡಿನ ಬಸ್ಸು ಹಾದ್ರ
ಹೆಲ್ಮೆಟ್ಟಿನ ಮ್ಯಾಲ ಸುಣ್ಣ ಉದುರ್ತದ,
ಮರದಾಗ ಜೋಳ ಕೇರಿದಂಗ.

‘ಹಾ ಹೌದ್’ ಅಂತಾರ ಮೇಡಂ, ತೊಟ್ಟಿ ತೋರಿಸಿ.
ನಾ ಇಂಡಿ ಕಡಿಯಾಂವ.
ಮೊದಲನೇ ವಾರ ಪ್ರತಿ ಸಲಾನೂ ಹಿಂದಿನಿಂದ
ಹೌದ್ರಿ, ಹೌದ್ರಿ ಅಂದಿದ್ದೆ.
ಮರಾಠಿ ಮಂದಿ ಹೊಟ್ಟಿ ಹಿಡಕೊಂಡು ನಕ್ಕಿದ್ರು,
ಕತ್ತಲಿ ಅದನ್ನ ನಾಕು ಸಲ ನಕ್ಕಿತ್ತು.

ಐತವಾರ, ಮೂರರ ಪಾಳಿ.
ಏರೋವಾಗ ಎಣಿಸಿದ್ರ ಹದಿನೆಂಟು.
ಹೊಳ್ಳಿ ಇಳದೆ.
ತೊಟ್ಟಿ ದಂಡಿಮ್ಯಾಲ ಮುದುಕಿ ಒಬ್ಬಾಕಿ, ಒಂಬತ್ತು ವಾರಿ ಸೀರಿ,
ಹೆಲ್ಮೆಟ್ಟು ತಗದು ಉಡ್ಯಾಗ ಇಟ್ಕೊಂಡು
ಬಗ್ಗಿ ನೋಡಾಕ ಹತ್ತಿದ್ಲು.
ಬ್ಯಾಟರಿ ಬಿಡು, ಅಂದ್ಲು. ನನ್ನ ಮಾರಿಗಲ್ಲೋ, ಆ ಮೂಲಿಗೆ.

ಯಮುನಾ ತಾಂಬಟ.
ಮದಿವ್ಯಾದ ವರ್ಷ, ಮ್ಯಾಲ ನಿಂತು ಸೇದೋವಾಗ
ಹಗ್ಗ ಜಾರಿ ಕೊಡ ಇಲ್ಲೇ ಬಿತ್ತಂತ.
ಕೊಡ ಬಡಿಯೋರ ಮನಿಗೆ ಕೊಡದ ಬರ ಇರಲಿಲ್ಲ,
ಆದ್ರೂ ಅತ್ತಿ ಸಾಯೋತನಕ ಎಣಿಕಿ ಬಿಡಲಿಲ್ಲ:
ಇಪ್ಪತ್ತಮೂರು,
ಮತ್ತ ಒಂದು ಹೌದಿನಾಗ.
ಹಬ್ಬಕ್ಕೊಮ್ಮೆ, ಬೀಗರ ಮುಂದ,
ಕಡೀಕ ಮಂಚದ ಮ್ಯಾಲ, ನಾಲಿಗಿ ತೊದಲಿದಾಗೂ.

ಬೆಳಕು ಬಿಟ್ಟೆ.
ಒಣ ರಾಡಿ. ಚಿಪ್ಸಿನ ಚೀಟು.
ಒಂದು ಕಡೆ ಏನೋ ಮಿಂಚಿತು,
ಮುದುಕಿ ನನ್ನ ಮಣಿಕಟ್ಟು ಹಿಡಿದ್ಲು,
ಹಿಡಿತ ಇನ್ನೂ ಹಗ್ಗ ಎಳೆಯೋ ಹಿಡಿತ.
ಬಾಟ್ಲಿ ಮುಚ್ಚಳ ಅದು.

‘ಹಾಚ್ ನಾ ತೋ ಹೌದ್?’
ಹೌದ್ರಿ, ಅಂದೆ.
ಎರಡೂ ಭಾಷಾದಾಗ ಖರೇನೇ ಹೇಳಿದ್ದೆ.
ಗ್ವಾಡಿಗೆ ಕೈ ಊರಿ ಎದ್ಲು,
ಅಂಗೈ ಮೂಸಿ ನೋಡಿದ್ಲು,
ಅದರಾಗೇನು ಸಿಕ್ಕಿತೋ, ಹೇಳಲಿಲ್ಲ.

ಮ್ಯಾಲ ಬಿಸಿಲಾಗ ಮೇಡಂ ಕೇಳಿದ್ರು, ಎಲ್ಲಾರೂ ಬಂದ್ರಾ?
ಹತ್ತೊಂಬತ್ತು, ಅಂದೆ.
ಮತ್ತ ಒಂದು ಹೌದಿನಾಗ, ಅಂದ್ಲು ಯಮುನಾಬಾಯಿ.
ಮೇಡಂ ಗಾಬರಿ ಬಿದ್ದು,
ಮೈಕ್ ಚಾಲೂ ಇದ್ದಂಗ,
ಮೊದಲಿಂದ ಎಣಸಾಕ ಹತ್ತಿದ್ರು.